ಅಭಿಮಾನದ ಸಿಟ್ಟು, ನ್ಯಾಯದ ಸಿಟ್ಟು

ಸಿಟ್ಟು ಬರುವುದು ಪಾಪವೇ? ನಮ್ಮ ಧರ್ಮಕೇಂದ್ರಗಳಲ್ಲಿ ಹಿರಿಯರೂ ಕಿರಿಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮೊದಲು ಈ ಪ್ರಶ್ನೆಯ ಹಿಂದೆ ಮನೆಯ ಸಿಟ್ಟು ಇರುತ್ತಿತ್ತು: ಅತ್ತೆ ಸೊಸೆಯರ ಮುನಿಸು, ಅಣ್ಣ ತಮ್ಮಂದಿರ ನಡುವೆ ಹೊಲದ ಬದುವಿನ ಜಗಳ, ಕುಡಿದು ಬಂದ ಗಂಡನ ಮೇಲಿನ ಕೋಪ. ಈಗ ಇದಕ್ಕೆ ಇನ್ನೊಂದು ಬಗೆ ಸೇರಿಕೊಂಡಿದೆ. ಎಂದೂ ಮುಖ ನೋಡದ ಮನುಷ್ಯನ ಮೇಲೆ, ಎಂದೂ ಭೇಟಿಯಾಗದ ನಟನ ಅಥವಾ ನಾಯಕನ ಪರವಾಗಿ, ಅಂಗೈಯಲ್ಲಿರುವ ಮೊಬೈಲಿನಲ್ಲಿ ಕಾರುವ ಸಿಟ್ಟು. ಕಲಬುರಗಿ ನಗರದ ಕಾಲೇಜು ಹುಡುಗನಿಗೂ ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ರೈತನ ಮಗನಿಗೂ ಈ ಸಿಟ್ಟು ಒಂದೇ ಗಳಿಗೆಯಲ್ಲಿ ಬರುತ್ತದೆ, ಏಕೆಂದರೆ ಇಬ್ಬರ ಫೋನಿಗೂ ಅದು ಒಂದೇ ಗಳಿಗೆಯಲ್ಲಿ ಬಂದು ತಲುಪುತ್ತದೆ. ಈ ಸಿಟ್ಟನ್ನು ನಾವು ಹೇಗೆ ತೂಗಬೇಕು?

ಸಿಟ್ಟೆಲ್ಲವೂ ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ದೇವಾಲಯದ ಅಂಗಳವನ್ನು ಸಂತೆ ಮಾಡಿದವರನ್ನು ಕಂಡು ಪ್ರಭು ಯೇಸು ಸುಮ್ಮನಿರಲಿಲ್ಲ. ಕೋಪಿಸಿಕೊಳ್ಳಬೇಕಾದಲ್ಲಿ ಕೋಪ ಬಾರದಿರುವುದೂ ಒಂದು ದೋಷವೇ ಎಂದು ಸಂತ ತೋಮಸ್ ಅಕ್ವಿನಾಸರು ವಾದಿಸುತ್ತಾರೆ. ಅವರು ಗುರುವಿನಂತೆ ಗೌರವಿಸಿದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇದಕ್ಕೊಂದು ಒಳ್ಳೆಯ ಹೋಲಿಕೆ ಕೊಟ್ಟಿದ್ದಾನೆ. ಅವಸರದ ಆಳು ಯಜಮಾನನ ಮಾತನ್ನು ಪೂರ್ತಿ ಕೇಳುವ ಮೊದಲೇ ಓಡಿಹೋಗಿ, ಹೇಳಿದ್ದೊಂದಾದರೆ ತಾನೊಂದು ಮಾಡಿ ಬರುತ್ತಾನೆ. ಸಿಟ್ಟೂ ಹಾಗೆಯೇ. ಬುದ್ಧಿಯ ಮಾತು ಅದರ ಕಿವಿಗೆ ಬೀಳುತ್ತದೆ, ಆದರೆ ಅರ್ಧ ಮಾತ್ರ. ಆದ್ದರಿಂದ ಸಿಟ್ಟು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ಅದು ಉಳಿದ ಅರ್ಧವನ್ನು ಕೇಳಲು ನಿಂತಿದೆಯೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ.

ಅಭಿಮಾನದ ಸ್ವಭಾವವೇ ಬೇರೆ. ನನಗೆ ಈ ನಟ ಯಾಕೆ ಇಷ್ಟ ಎಂದು ಯಾರೂ ಲೆಕ್ಕ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೊದಲ ದಿನದ ಮೊದಲ ಆಟಕ್ಕೆ ಹೋಗುವುದು, ಶಿಳ್ಳೆ ಹೊಡೆಯುವುದು, ಆಟೋದ ಹಿಂದೆ ಚಿತ್ರ ಅಂಟಿಸುವುದು ಇವೆಲ್ಲ ಒಂದು ಬಗೆಯ ಪ್ರೀತಿ. ಪ್ರೀತಿಗೆ ಕಾರಣ ಬೇಡ. ಆದರೆ ಅನ್ಯಾಯದ ವಿರುದ್ಧ ಎದ್ದ ಸಿಟ್ಟಿಗೆ ಕಾರಣ ಬೇಕೇ ಬೇಕು. ಯಾರಿಗೆ ಏನು ಅನ್ಯಾಯವಾಯಿತು, ಮಾಡಿದವರು ಯಾರು, ಸರಿಪಡಿಸುವ ಬಗೆ ಯಾವುದು ಎಂದು ಅದು ಉತ್ತರ ಕೊಡಬೇಕು. ಇವೆರಡೂ ಬೆರೆತಾಗ ಅಪಾಯ ಹುಟ್ಟುತ್ತದೆ. ಕಾರಣ ಬೇಡದ ಅಭಿಮಾನವು ಕಾರಣ ಬೇಕಾದ ಸಿಟ್ಟಿಗೆ ತನ್ನ ರಿಯಾಯಿತಿಯನ್ನು ದಾನ ಮಾಡಿಬಿಡುತ್ತದೆ. ಆಮೇಲೆ ಸಿಟ್ಟು ಯಾರಿಗೂ ಉತ್ತರ ಕೊಡುವುದಿಲ್ಲ.

ಒಂದು ಚಿತ್ರ, ಒಂದು ವಿಡಿಯೊ

ನಮ್ಮ ರಾಜ್ಯದಲ್ಲಿಯೇ ಕಣ್ಣಾರೆ ಕಂಡ ಒಂದು ಉದಾಹರಣೆ ಇದೆ. 2016ರ ಸೆಪ್ಟೆಂಬರ್ 5ರಂದು, ತಮಿಳುನಾಡಿಗೆ 10 ದಿನಗಳ ಕಾಲ ದಿನವೂ 15,000 ಕ್ಯೂಸೆಕ್ ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಆದೇಶಿಸಿತು. ಮಳೆ ಕಡಿಮೆಯಾಗಿದ್ದ ವರ್ಷ ಅದು. ಮಂಡ್ಯದ ರೈತನ ಸಂಕಟ ನಿಜವಾದದ್ದು. ತಂಜಾವೂರಿನ ರೈತನ ಸಂಕಟವೂ ನಿಜವಾದದ್ದೇ. 9ರಂದು ಕರ್ನಾಟಕ ಬಂದ್ ನಡೆಯಿತು, ಕನ್ನಡ ಚಿತ್ರರಂಗದವರೂ ಬೀದಿಗಿಳಿದು ಬೆಂಬಲ ಕೊಟ್ಟರು. ಇಷ್ಟರವರೆಗೆ ಅದು ನೀರಿನ ಹೋರಾಟವಾಗಿತ್ತು.

ಆಗ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕನ್ನಡ ನಟರನ್ನು ಗೇಲಿ ಮಾಡುವ ಚಿತ್ರವೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿದ. ಕೆಲವು ಯುವಕರು ಅವನನ್ನು ಹುಡುಕಿ ಹಿಡಿದು, ಹೊಡೆದು, ಕ್ಷಮೆ ಕೇಳಿಸಿದರು. ಅಷ್ಟಕ್ಕೆ ಬಿಡದೆ ಅದರ ವಿಡಿಯೊ ಹರಿಯಬಿಟ್ಟರು. ಆ ವಿಡಿಯೊ ಗಡಿ ದಾಟಿತು. 12ರ ನಸುಕಿನಲ್ಲಿ ಚೆನ್ನೈನಲ್ಲಿ ಕನ್ನಡಿಗರ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ರಾಮೇಶ್ವರದಲ್ಲಿ ಕರ್ನಾಟಕದ ವಾಹನ ಚಾಲಕನಿಗೆ ಹೊಡೆದರು, ಅದರದ್ದೂ ವಿಡಿಯೊ ಬಂತು. ಅದೇ ದಿನ ಬೆಂಗಳೂರು ಹೊತ್ತಿ ಉರಿಯಿತು. ತಮಿಳುನಾಡಿನ ನೋಂದಣಿಯ ಹತ್ತಾರು ಬಸ್ಸು, ಲಾರಿಗಳು ಬೂದಿಯಾದವು. ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾದ.

ಈ ಸರಪಳಿಯಲ್ಲಿ ನೀರು ಎಲ್ಲಿ ಕಳೆದುಹೋಯಿತು ಎಂದು ಹುಡುಕಿ ನೋಡಿ. ವಿದ್ಯಾರ್ಥಿಗೆ ಹೊಡೆದ ಗಳಿಗೆಯಲ್ಲಿಯೇ ಅದು ಕಳೆದುಹೋಗಿತ್ತು. ಅಲ್ಲಿಂದ ಮುಂದೆ ನಡೆದದ್ದು ನಟರ ಮಾನದ ಲೆಕ್ಕ, ಹೊಡೆತಕ್ಕೆ ಹೊಡೆತದ ಲೆಕ್ಕ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಬರಗಾಲದ ಕಷ್ಟವನ್ನು ಎರಡು ರಾಜ್ಯಗಳು ಹೇಗೆ ಹಂಚಿಕೊಳ್ಳಬೇಕು ಎಂಬ ಮಾತು ಆ ಬೆಂಕಿಯಲ್ಲಿ ಯಾರಿಗೂ ಬೇಡವಾಯಿತು. ಕೊನೆಗೆ ಕರ್ನಾಟಕಕ್ಕೆ ಏನಾದರೂ ದಕ್ಕಿದ್ದು 2018ರ ಫೆಬ್ರವರಿ 16ರ ತೀರ್ಪಿನಲ್ಲಿ. ಬೆಂಗಳೂರಿನ ಕುಡಿಯುವ ನೀರಿಗೆಂದು ಕೊಟ್ಟ 4.75 ಟಿಎಂಸಿಯೂ ಸೇರಿ 14.75 ಟಿಎಂಸಿ ಹೆಚ್ಚುವರಿ ನೀರು. ಅದನ್ನು ಗೆದ್ದುಕೊಟ್ಟದ್ದು ನ್ಯಾಯಾಲಯದಲ್ಲಿ ಅಂಕಿ ಅಂಶಗಳನ್ನು ಇಟ್ಟು ಮಾಡಿದ ವಾದ. ಸುಟ್ಟ ಬಸ್ಸುಗಳು ಒಂದು ಬೊಗಸೆ ನೀರನ್ನೂ ತರಲಿಲ್ಲ.

ಇದು ಹೊಸ ರೋಗವೇನಲ್ಲ. ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯವನ್ನು ಮನೆಯಲ್ಲಿ ಕುಳಿತು ಓದಿ ನೋಡಿ. ಎಫೆಸ ನಗರದಲ್ಲಿ ದೇಮೇತ್ರಿಯ ಎಂಬ ಅಕ್ಕಸಾಲಿಗ ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ. ಸಂತ ಪೌಲರ ಬೋಧನೆಯಿಂದ ಅವನ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಅವನು ವ್ಯಾಪಾರದ ಚಿಂತೆಗೆ ದೇವಿಯ ಮಾನದ ಬಣ್ಣ ಹಚ್ಚಿದ. ಊರಿಗೆ ಊರೇ ನಾಟಕಶಾಲೆಗೆ ನುಗ್ಗಿತು. ಎರಡು ತಾಸು ಒಂದೇ ಘೋಷಣೆ. ಸೇರಿದವರಲ್ಲಿ ಹೆಚ್ಚಿನವರಿಗೆ ತಾವು ಯಾಕೆ ಸೇರಿದ್ದೇವೆ ಎಂಬುದೇ ಗೊತ್ತಿರಲಿಲ್ಲ ಎಂದು ಸಂತ ಲೂಕರು ಬರೆಯುತ್ತಾರೆ. ಕೊನೆಗೆ ಊರಿನ ಕಾರ್ಯದರ್ಶಿ ಬಂದು, ದೂರಿದ್ದರೆ ನ್ಯಾಯಾಲಯ ತೆರೆದಿದೆ, ಅಲ್ಲಿಗೆ ಹೋಗಿ ಎಂದು ಬುದ್ಧಿ ಹೇಳಿ ಗುಂಪನ್ನು ಕಳುಹಿಸಿದ. ಅವನು ಕ್ರೈಸ್ತನಲ್ಲ. ಆದರೆ ಅಂದು ಅವಸರದ ಆಳನ್ನು ತಡೆದು ನಿಲ್ಲಿಸಿದವನು ಅವನೇ.

ಯಾರ ನೋವು?

ಹಾಗಾದರೆ ನನ್ನ ಸಿಟ್ಟು ಯಾವ ಬಗೆಯದೆಂದು ತಿಳಿಯುವುದು ಹೇಗೆ? ನ್ಯಾಯದ ಸಿಟ್ಟು ನೊಂದವನ ಪಕ್ಕದಲ್ಲಿ ನಿಲ್ಲುತ್ತದೆ. ಅಭಿಮಾನದ ಸಿಟ್ಟು ನಾಯಕನ ಪಕ್ಕದಲ್ಲಿ ನಿಲ್ಲುತ್ತದೆ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆಯಾಯಿತು, ಆ ಪ್ರಕರಣದಲ್ಲಿ ನಟ ದರ್ಶನ್ ಬಂಧಿತರಾದರು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ 2025ರ ಜುಲೈನಲ್ಲಿ ನಟಿ ರಮ್ಯಾ ಅವರು, ಸತ್ತವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂಬ ಅರ್ಥದ ಮಾತು ಬರೆದುದಕ್ಕೆ ಅವರ ಮೇಲೆ ಎಂಥೆಂಥ ಅಶ್ಲೀಲ ಮಾತುಗಳು ಸುರಿದವು! ಅವರು ಪೊಲೀಸರಿಗೆ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. ಬೈದವರಲ್ಲಿ ಯಾರೂ ತಮ್ಮನ್ನು ಕೆಟ್ಟವರೆಂದು ತಿಳಿದಿರಲಿಕ್ಕಿಲ್ಲ. ಅವರ ಮನಸ್ಸಿನಲ್ಲಿ ಅವರು ಒಬ್ಬರ ಮಾನ ಕಾಯುತ್ತಿದ್ದರು. ಆದರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಮಗನನ್ನು ಕಳೆದುಕೊಂಡ ತಂದೆತಾಯಿ ಆ ಸಿಟ್ಟಿನ ಕಣ್ಣಿಗೆ ಬೀಳಲೇ ಇಲ್ಲ.

ಸಿನಿಮಾದ ಮಾತಾಯಿತು. ರಾಜಕೀಯದಲ್ಲಿ ಈ ಬೆರಕೆ ತಿರುವುಮುರುವಾಗಿ ನಡೆಯುತ್ತದೆ. ಇಂದು ಶಾಸಕರಿಗೂ ಮಂತ್ರಿಗಳಿಗೂ ಅಭಿಮಾನಿ ಬಳಗಗಳಿವೆ, ಹುಟ್ಟುಹಬ್ಬಕ್ಕೆ ಕಟೌಟುಗಳಿವೆ, ಸಿನಿಮಾ ಸಂಗೀತ ಸೇರಿಸಿದ ಚಿಕ್ಕ ವಿಡಿಯೊಗಳಿವೆ. ಬೆಲೆ ಏರಿದಾಗ ಅಧಿಕಾರದಲ್ಲಿರುವುದು ಯಾರ ಪಕ್ಷ ಎಂದು ನೋಡಿಕೊಂಡು ನಾವು ಸಿಟ್ಟಾಗುತ್ತೇವೆ ಅಥವಾ ಸುಮ್ಮನಿರುತ್ತೇವೆ. 1949ರ ನವೆಂಬರ್ 25ರಂದು ಡಾ. ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಇದನ್ನೇ ಮುಂದಾಗಿ ಕಂಡು ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಆತ್ಮದ ಉದ್ಧಾರಕ್ಕೆ ದಾರಿಯಾಗಬಹುದು, ಆದರೆ ರಾಜಕೀಯದಲ್ಲಿ ವ್ಯಕ್ತಿಪೂಜೆ ಅವನತಿಗೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ಸಾರ. ಕೊರಿಂಥದ ಸಭೆಯಲ್ಲಿ ಕೆಲವರು ತಾವು ಪೌಲರ ಕಡೆಯವರೆಂದೂ ಕೆಲವರು ಅಪೊಲ್ಲೋಸನ ಕಡೆಯವರೆಂದೂ ಬಣ ಕಟ್ಟಿಕೊಂಡಾಗ, ಸ್ವತಃ ಪೌಲರೇ ತಮ್ಮ ಅಭಿಮಾನಿಗಳನ್ನು ಗದರಿಸಿದ್ದನ್ನು ಇಲ್ಲಿ ನೆನೆಯಬೇಕು. ತನ್ನ ಹೆಸರಿನ ಬಣವನ್ನು ತಾನೇ ಒಡೆಯುವ ನಾಯಕರು ಇಂದು ಎಷ್ಟು ಜನ ಸಿಗುತ್ತಾರೆ?

ನಮ್ಮ ನೆಲದ ಪಾಠ

ಸಿಟ್ಟೇ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಭಾಗದವರಿಗೆ ಸಿಟ್ಟಾಗಲು ಬೇಕಾದಷ್ಟು ಕಾರಣಗಳಿದ್ದವು, ಈಗಲೂ ಇವೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಈ ಅನ್ಯಾಯಕ್ಕೆ ಪರಿಹಾರ ಕೇಳಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. ತೆಲಂಗಾಣಕ್ಕೆ 371(ಡಿ) ಕೊಟ್ಟಿರುವಾಗ ಅದೇ ನಿಜಾಮರ ಆಳ್ವಿಕೆಯಲ್ಲಿದ್ದ ನಮಗೆ ಯಾಕಿಲ್ಲ ಎಂಬುದು ಅವರ ನೇರ ಪ್ರಶ್ನೆ. 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿಯನ್ನು ಒಪ್ಪಿತು. ಇಂದು ಕಲಬುರಗಿಯ, ಕಮಲಾಪುರದ ನಮ್ಮ ಮಕ್ಕಳು ವೈದ್ಯಕೀಯ ಸೀಟಿಗೆ, ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ತೋರಿಸುವ ಪ್ರಮಾಣಪತ್ರದ ಹಿಂದೆ ಆ ದೀರ್ಘ ಸಿಟ್ಟು ಇದೆ. ಯಾವ ನಟನ ಮಾನಾಪಮಾನವೂ ಅದರ ಆಧಾರವಾಗಿರಲಿಲ್ಲ. ಅದರ ಕೈಯಲ್ಲಿ ಅಂಕಿ ಅಂಶವಿತ್ತು, ಅರ್ಜಿಯಿತ್ತು, ಸೋತರೂ ಮತ್ತೆ ಏಳುವ ತಾಳ್ಮೆಯಿತ್ತು.

2025ರ ಆಗಸ್ಟ್, ಸೆಪ್ಟೆಂಬರಿನ ಅತಿವೃಷ್ಟಿಗೆ, ಭೀಮೆಯ ಪ್ರವಾಹಕ್ಕೆ ನಮ್ಮ ಜಿಲ್ಲೆಯ ತೊಗರಿ, ಹತ್ತಿ, ಹೆಸರು, ಉದ್ದು ಹಾಳಾದವು. ಅಂಥ ದಿನಗಳಲ್ಲಿಯೂ ಮಗ ರಾತ್ರಿಯೆಲ್ಲ ಫೋನ್ ಹಿಡಿದು ಯಾವುದೋ ನಟನ ಪರವಾಗಿ ಯಾರನ್ನೋ ಬೈಯುತ್ತಿದ್ದರೆ, ಕಮಲಾಪುರದ ಕಡೆಯ ತಾಯಿ ಏನೆಂದಾಳು? "ಅಲ್ಲೋ ತಮ್ಮಾ, ಹೊಲದಾಗ ನೀರು ನಿಂತು ತೊಗರಿ ಕೊಳೀಲಿಕತ್ತದ, ಅದಕ್ಕ ಒಂದು ಅರ್ಜಿ ಬರಿಲಿಲ್ಲ ನೀ. ಬೆಂಗಳೂರಾಗ ಯಾರೋ ಯಾರಿಗೋ ಅಂದ್ರ ನಿನಗ್ಯಾಕೋ ನಿದ್ದಿ ಬರಂಗಿಲ್ಲ?" ಅವಳು ಅರಿಸ್ಟಾಟಲನನ್ನು ಓದಿರಲಿಕ್ಕಿಲ್ಲ, ಆದರೆ ಕೇಳಿದ್ದು ಅವನದೇ ಪ್ರಶ್ನೆ.

ಅಭಿಮಾನವನ್ನೂ ಹಳಿಯಬೇಕಾಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಅಭಿಮಾನಿಗಳು ಸಾಲುಗಟ್ಟಿದರು. ಅಲ್ಲಿಯೂ ಅಭಿಮಾನವಿತ್ತು, ಕಣ್ಣೀರಿತ್ತು. ಆದರೆ ಅದು ನೋಯುವವರ ಕಡೆಗೆ, ಕಾಣದವರ ಕಡೆಗೆ ತಿರುಗಿತು. ಪ್ರೀತಿ ಯಾರ ಮೇಲಿದೆ ಎಂಬುದಕ್ಕಿಂತ ಅದು ನಮ್ಮನ್ನು ಯಾರ ಬಳಿಗೆ ಕರೆದೊಯ್ಯುತ್ತದೆ ಎಂಬುದು ದೊಡ್ಡ ಮಾತು.

ಈ ವಿಷಯದಲ್ಲಿ ಮಕ್ಕಳನ್ನು ಮಾತ್ರ ದೂರಿ ಫಲವಿಲ್ಲ. ಮಗ ನಟನಿಗಾಗಿ ಬೈದರೆ ಅಪ್ಪ ಪಕ್ಷಕ್ಕಾಗಿ ಬೈಯುತ್ತಾನೆ. ಚುನಾವಣೆ ಮುಗಿದ ಮೇಲೂ ಮಾತುಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಜಪಸರದ ಸಮಯ ತಿಳಿಸಲು ಮಾಡಿದ ವಾಟ್ಸಾಪ್ ಗುಂಪಿನಲ್ಲಿ ನಾಯಕರ ಜಯಕಾರ, ಇನ್ನೊಬ್ಬರ ನಿಂದೆ ನುಸುಳುತ್ತದೆ. ಪೋಪ್ ಫ್ರಾನ್ಸಿಸರು 2020ರ 'ಫ್ರಾತೆಲ್ಲಿ ತುತ್ತಿ' ವಿಶ್ವಪತ್ರದಲ್ಲಿ, ಅಂತರ್ಜಾಲದ ಮಾತಿನ ಹಿಂಸೆಯ ಬಲೆಗೆ ಕ್ರೈಸ್ತರೂ ಬೀಳುತ್ತಾರೆ, ಕಥೋಲಿಕ ಮಾಧ್ಯಮಗಳೂ ಇದಕ್ಕೆ ಹೊರತಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದರು. ಹಾಗಾಗಿ ಈ ಮಾತು ಓದುವ ನನಗೂ ನಿಮಗೂ ಸೇರಿದ್ದು.

ಒಂದು ಸಂದೇಶವನ್ನು ಕಳುಹಿಸುವ ಮೊದಲು ಮನೆಯವರೆಲ್ಲ ಮೂರು ಪ್ರಶ್ನೆ ಕೇಳಿಕೊಳ್ಳುವ ರೂಢಿ ಮಾಡಿಕೊಳ್ಳೋಣ. ಇಲ್ಲಿ ನಿಜವಾಗಿ ನೊಂದವರು ಯಾರು, ಅವರ ಹೆಸರನ್ನಾದರೂ ನಾನು ಬಲ್ಲೆನೇ? ಇದೇ ತಪ್ಪನ್ನು ನನ್ನ ಮೆಚ್ಚಿನವನೇ ಮಾಡಿದ್ದರೆ ನನಗೆ ಇಷ್ಟೇ ಸಿಟ್ಟು ಬರುತ್ತಿತ್ತೇ? ನನ್ನ ಈ ಮಾತಿನಿಂದ ಅನ್ಯಾಯ ಸರಿಹೋಗುವುದೋ, ಇನ್ನೊಬ್ಬರು ನೋಯುವುದಷ್ಟೇ ಆಗುವುದೋ? ಮೂರಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ ಬರೆಯಿರಿ, ದೂರು ಕೊಡಿ, ಬೀದಿಗೂ ಇಳಿಯಿರಿ. ಸಿಗದಿದ್ದರೆ ಫೋನನ್ನು ಕೆಳಗಿಟ್ಟು ಊಟಕ್ಕೆ ಕುಳಿತುಕೊಳ್ಳಿ. ಎದುರಿಗೆ ಕುಳಿತವರ ಮುಖದಲ್ಲಿ, ನಾವು ಇಷ್ಟು ದಿನ ಕೇಳದೇ ಬಿಟ್ಟ ಒಂದು ನೋವು ಕಾಣಿಸಬಹುದು.