ವಿನೋದದ ಪಣವೂ ದ್ಯೂತವೇ?

ಕಳೆದ ದಶಲಕ್ಷಣ ಪರ್ವ ಮುಗಿದ ಕೆಲವು ದಿನಗಳಲ್ಲಿ ನಮ್ಮ ಬಸದಿಯ ಆಡಳಿತ ಸಮಿತಿಯ ಮುಂದೆ ಒಂದು ಲಕೋಟೆ ಬಂದಿತು. ಒಳಗೆ 18,000 ರೂಪಾಯಿ. ಜೊತೆಗೆ ‘ಆಹಾರದಾನ ನಿಧಿಗೆ, ನಾಲ್ವರು ಮಿತ್ರರಿಂದ’ ಎಂಬ ಚೀಟಿ. ಕೋಶಾಧ್ಯಕ್ಷರು ರಸೀತಿ ಬರೆಯಲು ಹೆಸರುಗಳನ್ನು ಕೇಳಿದಾಗ ತಂದವರು ಯಾವ ಸಂಕೋಚವೂ ಇಲ್ಲದೆ ವಿಷಯವನ್ನು ತಿಳಿಸಿದರು. ಅದು ಭಾನುವಾರದ ಗಾಲ್ಫ್ ಆಟದಲ್ಲಿ ಸೋತವರು ಗೆದ್ದವರಿಗೆ ತೆತ್ತ ಪಣದ ಹಣ. ಗೆದ್ದವರು ಅದನ್ನು ಮನೆಗೆ ಒಯ್ಯದೆ ಧರ್ಮಕಾರ್ಯಕ್ಕೆಂದು ತೆಗೆದಿರಿಸಿದ್ದರು. ಕೋಶಾಧ್ಯಕ್ಷರ ಲೇಖನಿ ಅಲ್ಲಿಗೇ ನಿಂತಿತು.

ಸಮಿತಿಯಲ್ಲಿ ಅಂದು ಒಮ್ಮತ ಮೂಡಲಿಲ್ಲ. “ಹಣ ಸತ್ಕಾರ್ಯಕ್ಕೆ ಸಲ್ಲುವುದಾದರೆ ಮೂಲವನ್ನೇಕೆ ಕೆದಕಬೇಕು?” ಎಂದರು ಒಬ್ಬರು. “ಸಪ್ತವ್ಯಸನಗಳಲ್ಲಿ ಮೊದಲನೆಯದೇ ದ್ಯೂತ, ಇದನ್ನು ಮುಟ್ಟಲಾಗದು” ಎಂದರು ಮತ್ತೊಬ್ಬರು. ನಾಲ್ವರೂ ನಮಗೆ ಪರಿಚಿತರು, ಸಜ್ಜನರು, ಮದ್ಯ ಮುಟ್ಟದವರು. ವಿಷಯವನ್ನು ಪರಿಶೀಲಿಸಿ ಅಭಿಪ್ರಾಯ ತಿಳಿಸುವ ಹೊಣೆಯನ್ನು ನನಗೆ ಒಪ್ಪಿಸಲಾಯಿತು. ಗಾಲ್ಫ್ ದಂಡವನ್ನು ಎಂದೂ ಕೈಯಲ್ಲಿ ಹಿಡಿಯದ ನಾನು ಒಂದು ಭಾನುವಾರ ಬೆಳಿಗ್ಗೆ ಹಲಸೂರಿನಿಂದ ಹೊರಟು ಅವರೊಡನೆ ಹದಿನೆಂಟು ಕುಳಿಗಳನ್ನೂ ಸುತ್ತಿ ಬಂದೆ.

ಈ ಆಟ ನಮ್ಮ ನಗರಕ್ಕೆ ಹೊಸದಲ್ಲ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ, ದಂಡು ಪ್ರದೇಶ ಇನ್ನೂ ಆಂಗ್ಲರ ಸೈನ್ಯದ ನೆಲೆಯಾಗಿದ್ದಾಗ. ದೊಮ್ಮಲೂರಿನ ಆಚೆ ಚಲ್ಲಘಟ್ಟದ ಕೆರೆಯಂಗಳದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಬಂದುದು ಬಹುಕಾಲದ ಅನಂತರ. ನಮ್ಮ ಮಿತ್ರರು ಆಡುವುದು ಯಾವ ಮೈದಾನದಲ್ಲಿ ಎಂಬುದು ಇಲ್ಲಿ ಅಪ್ರಸ್ತುತ.

ಆಟದ ಬಗ್ಗೆ ನನಗಿದ್ದ ತಾತ್ಸಾರ ಅಂದು ಕಡಿಮೆಯಾಯಿತೆಂದು ಒಪ್ಪಿಕೊಳ್ಳಬೇಕು. ಗಾಲ್ಫಿನಲ್ಲಿ ಪ್ರತಿ ಆಟಗಾರನ ಹಿಂದೆ ಒಬ್ಬ ತೀರ್ಪುಗಾರ ನಡೆಯುವುದಿಲ್ಲ. ತನ್ನ ಹೊಡೆತಗಳನ್ನು ತಾನೇ ಎಣಿಸಿ ತನ್ನ ತಪ್ಪನ್ನು ತಾನೇ ಹೇಳಬೇಕು. 1925ರ ಅಮೆರಿಕದ ಓಪನ್ ಪಂದ್ಯಾವಳಿಯಲ್ಲಿ ಬಾಬಿ ಜೋನ್ಸ್ ಎಂಬ ಹೆಸರಾಂತ ಆಟಗಾರ, ತನ್ನ ಚೆಂಡು ಹುಲ್ಲಿನಲ್ಲಿ ತುಸು ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡವನ್ನು ಹೇರಿಕೊಂಡರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆ ಒಂದು ಹೊಡೆತದಿಂದಾಗಿ ಪಂದ್ಯ ಸಮವಾಯಿತು. ನಿರ್ಣಾಯಕ ಆಟದಲ್ಲಿ ಅವರು ಸೋತರು. ನಮ್ಮ ಆಲೋಚನಾ ಪಾಠವನ್ನು ಬಾಯಲ್ಲಿ ಹೇಳಿ ಮುಗಿಸುವ ನಮ್ಮಲ್ಲಿ ಎಷ್ಟು ಜನ ಹೀಗೆ ಯಾರೂ ಕಾಣದ ದೋಷವನ್ನು ಎತ್ತಿ ಆಡುತ್ತೇವೆ?

ಆದರೆ ಪಣದ ವಿಚಾರ ಬೇರೆ. ನಮ್ಮ ಮಿತ್ರರು ಆಡುವುದು ‘ನ್ಯಾಸಾ’ ಎಂಬ ಪದ್ಧತಿ. ಮೊದಲ ಒಂಬತ್ತು ಕುಳಿಗಳಿಗೆ ಒಂದು ಪಣ, ಕೊನೆಯ ಒಂಬತ್ತಕ್ಕೆ ಒಂದು, ಒಟ್ಟು ಆಟಕ್ಕೆ ಮತ್ತೊಂದು. ಪ್ರತಿ ಪಣಕ್ಕೆ 500 ರೂಪಾಯಿ ಎಂದರೆ ಪೂರ್ತಿ ಸೋತವನಿಗೆ 1,500. ಅದೂ ಅಲ್ಲಿಗೆ ನಿಲ್ಲದು. ನಡುವೆ ಹಿಂದೆ ಬಿದ್ದವನು ‘ಪ್ರೆಸ್’ ಎಂದು ಕೂಗಿ ಉಳಿದ ಕುಳಿಗಳಿಗೆ ಹೊಸ ಪಣ ಒಡ್ಡಬಹುದು. ಸೋತದ್ದನ್ನು ಸೋತಲ್ಲಿಯೇ ಗಳಿಸುವ ಆಸೆಗೆ ಇಲ್ಲಿ ನಿಯಮದ ಮನ್ನಣೆಯೇ ಇದೆ. ಧರ್ಮರಾಯನಿಗೂ ಪಗಡೆಯ ಮುಂದೆ ಈ ಆಸೆಯೇ ಅಲ್ಲವೇ ಇದ್ದದ್ದು? ವ್ಯಾಸಭಾರತದಲ್ಲಿ ಪಾಂಡವರಿಗೆ ಬಂದ ಆಹ್ವಾನ ‘ಸುಹೃದ್ದ್ಯೂತ’ಕ್ಕೆ, ಅಂದರೆ ಸ್ನೇಹಿತರ ಜೂಜಿಗೆ, ಎಂಬುದನ್ನು ಓದುಗರು ಗಮನಿಸಬೇಕು.

“ಇದು ಕುಶಲತೆಯ ಆಟ, ಜೂಜಲ್ಲ” ಎಂಬುದು ಮಿತ್ರರ ವಾದ. ಕಾನೂನಿನಲ್ಲಿ ಇದಕ್ಕೆ ಆಧಾರವಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೇವಲ ಕುಶಲತೆಯ ಆಟಗಳನ್ನು ಜೂಜಿನ ಕಲಮುಗಳಿಂದ ಹೊರಗಿಟ್ಟಿದೆ; ಕುದುರೆ ಪಂದ್ಯವೂ ಕುಶಲತೆಯದೇ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಆದರೆ 2025ರಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವಾಗ ಕುಶಲತೆ, ಅದೃಷ್ಟ ಎಂಬ ಭೇದವನ್ನೇ ಕೈಬಿಟ್ಟಿತು. ಕಾನೂನಿನ ಗೆರೆ ಹೀಗೆ ಅತ್ತಿತ್ತ ಸರಿಯುತ್ತದೆ. ಶ್ರಾವಕನಾದವನು ತನ್ನ ಪರಿಣಾಮಗಳನ್ನು ಅಳೆಯಲು ಅದನ್ನು ನಂಬಿ ಕೂಡುವಂತಿಲ್ಲ.

13ನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಜೂಜನ್ನು ತ್ಯಜಿಸಿದವನು ಕೇವಲ ಮನೋವಿನೋದಕ್ಕಾಗಿ ಪರಸ್ಪರ ಪಂದ್ಯ ಕಟ್ಟಿದರೂ ಅದು ವ್ರತಕ್ಕೆ ದೋಷವೇ ಎಂಬುದು ಅವರ ನಿರ್ಣಯ. ಹಣ ಹೆಚ್ಚೋ ಕಡಿಮೆಯೋ, ಆಟ ಕುಶಲತೆಯದೋ ಅದೃಷ್ಟದ್ದೋ ಎಂಬುದು ಅವರು ಕೊಡುವ ಕಾರಣವಲ್ಲ. ಅದರಿಂದ ಹರ್ಷವೂ ಅಮರ್ಷವೂ ಹುಟ್ಟುತ್ತವೆ, ಕಷಾಯವು ನೇರವಾಗಿ ಪಾಪಕ್ಕೆ ಎಡೆಮಾಡುತ್ತದೆ ಎಂಬುದೇ ಕಾರಣ. ಇದನ್ನು ಮೊದಲು ಓದಿದಾಗ ಅತಿಯಾದ ಬಿಗಿ ಎನಿಸಿತ್ತು. ಹದಿನಾಲ್ಕನೆಯ ಕುಳಿಯ ಬಳಿ ನನ್ನ ಅನಿಸಿಕೆ ಬದಲಾಯಿತು.

ಅಲ್ಲಿ ಎದುರು ಜೋಡಿಯವರೊಬ್ಬರ ಚೆಂಡು ಬಾಗಿ ನೀರಿನತ್ತ ಹಾರಿತು. ಅದು ನೀರಿಗೆ ಬೀಳುವ ಮುನ್ನವೇ ಉಳಿದ ಇಬ್ಬರ ಮುಖ ಅರಳಿದ್ದನ್ನು ಕಂಡೆ. ಮರುಕ್ಷಣ ಬಾಯಲ್ಲಿ “ಅಯ್ಯೋ, ಪಾಪ!” ಎಂಬ ಮಾತು ಬಂತು. ಅದು ಕಪಟವೆಂದು ನಾನು ಹೇಳಲಾರೆ. ಆದರೆ ಮುಖ ಮಾತಿಗಿಂತ ಮುಂದಾಗಿತ್ತು. ಪಣವಿಲ್ಲದ ಆಟದಲ್ಲಿಯೂ ಗೆಲ್ಲುವ ಆಸೆ ಇರುತ್ತದೆ, ನಿಜ. ಪಣ ಸೇರಿದಾಗ ಮಿತ್ರನ ತಪ್ಪಿಗೆ 500 ರೂಪಾಯಿ ಬೆಲೆ ಕಟ್ಟಿದಂತಾಗುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅನರ್ಥದಂಡವನ್ನು ವಿವರಿಸುತ್ತ, ಪರರ ಜಯ ಪರಾಜಯಗಳು ಹೇಗಾದಾವೆಂದು ಮನದಲ್ಲಿ ಚಿಂತಿಸುವುದನ್ನು ವಧಬಂಧನಗಳ ಚಿಂತನೆಯ ಜೊತೆಯಲ್ಲಿಯೇ ಅಪಧ್ಯಾನವೆಂದು ಎಣಿಸಿದ್ದಾರೆ. ಕನ್ನಡದಲ್ಲಿ ‘ಪಂದ್ಯ’ ಎಂಬ ಒಂದೇ ಶಬ್ದ ಆಟಕ್ಕೂ ಪಣಕ್ಕೂ ಸಲ್ಲುವುದು ನನಗೆ ಆಗ ನೆನಪಾಯಿತು.

ಇನ್ನೊಂದು ಮಾತು. ಸ್ನೇಹಿತರ ನಡುವಣ ಅನೌಪಚಾರಿಕ ಪಣವನ್ನು ಗಾಲ್ಫಿನ ಆಡಳಿತ ಸಂಸ್ಥೆಗಳು ಆಕ್ಷೇಪಿಸುವುದಿಲ್ಲ. ಆಟಗಾರರು ಪರಸ್ಪರ ಪರಿಚಿತರಾಗಿರಬೇಕು, ಸೇರುವುದು ಅವರವರ ಇಚ್ಛೆಯಾಗಿರಬೇಕು ಎಂಬಂಥ ಷರತ್ತುಗಳಿವೆ. ಇಚ್ಛೆ ಎಂಬ ಮಾತೇ ನನ್ನನ್ನು ಕಾಡಿತು. ನಾಲ್ವರಲ್ಲಿ ಇಬ್ಬರು ಶಿವಾಜಿನಗರದ ವರ್ತಕರು, ಒಬ್ಬರು ಇಂದಿರಾನಗರದ ವೈದ್ಯರು. ನಾಲ್ಕನೆಯವರು ಕೆ.ಆರ್. ಪುರದ ಕಡೆಯವರು, ಕಾರ್ಖಾನೆಯಿಂದ ನಿವೃತ್ತರಾಗಿ ಪಿಂಚಣಿಯಲ್ಲಿ ಬಾಳುವವರು, ಸದಸ್ಯತ್ವ ಅಗ್ಗವಾಗಿದ್ದ ಕಾಲದಲ್ಲಿ ಸೇರಿದವರು. ಆಟ ಮುಗಿದು ಲೆಕ್ಕ ಮಾಡುವಾಗ ಅವರು ನೋಟುಗಳನ್ನು ಎರಡು ಬಾರಿ ಎಣಿಸಿದರು. ಉಳಿದವರು ಎಣಿಸಲೇ ಇಲ್ಲ.

ದಾನದ ಪ್ರಶ್ನೆಯೂ ಇಲ್ಲಿಯೇ ಬಿಗಿಯುತ್ತದೆ. ಶ್ರಾವಕನ ಗುಣಗಳನ್ನು ಹೇಳುವಾಗ ಆಶಾಧರರು ಮೊದಲಿಗೆ ಇಡುವುದು ನ್ಯಾಯದಿಂದ ಗಳಿಸಿದ ಧನವನ್ನು. ಲಕೋಟೆಯ ಹಣವನ್ನು ಗೆದ್ದವರು ದುಡಿದು ಗಳಿಸಿರಲಿಲ್ಲ. ಸೋತವರು ಶ್ರದ್ಧೆಯಿಂದ ಕೊಟ್ಟಿರಲಿಲ್ಲ. ಹಾಗಾದರೆ ರಸೀತಿಯಲ್ಲಿ ದಾತಾರನೆಂದು ಯಾರ ಹೆಸರನ್ನು ಬರೆಯಬೇಕು? ನಮ್ಮ ಟ್ರಸ್ಟುಗಳು ಲಾಟರಿಯ, ರೇಸಿನ ಹಣವನ್ನು ಹಿಂದೆ ಕಣ್ಣುಮುಚ್ಚಿ ಸ್ವೀಕರಿಸಿದ್ದುಂಟೋ ಇಲ್ಲವೋ, ಆ ಲೆಕ್ಕ ತೆಗೆಯುವ ಧೈರ್ಯ ನನಗಿಲ್ಲ.

ನನ್ನ ಅಭಿಪ್ರಾಯದ ಮೇರೆಗೆ ಸಮಿತಿ ಲಕೋಟೆಯನ್ನು ಹಿಂದಿರುಗಿಸಿತು. ಪ್ರತಿಯೊಬ್ಬರೂ ತಮ್ಮ ಸ್ವಂತ ಗಳಿಕೆಯಿಂದ, ತಮ್ಮ ಹೆಸರಿನಲ್ಲಿ, ಇಷ್ಟವಾದಷ್ಟು ಕೊಟ್ಟರೆ ಸಂತೋಷವೆಂದು ವಿನಯದಿಂದ ಪತ್ರ ಬರೆಯಲಾಯಿತು. ಒಬ್ಬ ವರ್ತಕರಿಗೆ ಬೇಸರವಾಗಿ ಎರಡು ತಿಂಗಳು ಬಸದಿಯಲ್ಲಿ ಮುಖ ತಿರುಗಿಸಿಕೊಂಡು ಹೋದರು. ವೈದ್ಯರು ಆ ವಾರವೇ ಚೆಕ್ ಕಳುಹಿಸಿದರು.

ನಾಲ್ಕನೆಯವರು ಒಂದು ಸಂಜೆ ನಮ್ಮ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. “ನಲವತ್ತು ವರ್ಷದ ಸ್ನೇಹ. ನನಗೆ ಇದು ನಿಭಾಯಿಸುವುದಿಲ್ಲವೆಂದು ಅವರ ಮುಂದೆ ಹೇಗೆ ಹೇಳಲಿ? ನಿಮ್ಮ ಪತ್ರ ನೋಡಿ, ಇನ್ನು ಪಣ ಬೇಡವೆಂದು ಅವರೇ ಹೇಳಿದರು” ಎಂದು ಆಹಾರದಾನಕ್ಕೆ 101 ರೂಪಾಯಿ ಕೊಟ್ಟರು. ಹಣವನ್ನು ಅಂದೂ ಎರಡು ಬಾರಿ ಎಣಿಸಿದರು.

ಈಗಲೂ ನಾಲ್ವರೂ ಭಾನುವಾರ ಆಡುತ್ತಿದ್ದಾರೆ. ಆಟದ ಅನಂತರ ಸೋತವರು ಎಲ್ಲರಿಗೂ ದೋಸೆ ಕೊಡಿಸಬಹುದೇ ಎಂದು ವರ್ತಕರೊಬ್ಬರು ಮೊನ್ನೆ ಕೇಳಿ ಕಳುಹಿಸಿದ್ದಾರೆ. ಆಶಾಧರರ ಮಾತನ್ನು ಅಕ್ಷರಶಃ ಹಿಡಿದರೆ ಏನು ಉತ್ತರಿಸಬೇಕೆಂದು ನನಗೆ ಗೊತ್ತು. ವಿಷಯವನ್ನು ಸಮಿತಿಯ ಮುಂದಿನ ಸಭೆಗೆ ಇರಿಸಿದ್ದೇನೆ.