ಒತ್ತು, ಹಿಂಡು, ಜಜ್ಜು

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಳು. ಮೂಡಿಗೆರೆ ಸೀಮೆಯಲ್ಲಿ ಈಗ ಅರೇಬಿಕಾ ಕಾಫಿ ಕುಯ್ಲು. ಹೊತ್ತು ಮುಳುಗಿದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗಿನ ಹುಳಿವಾಸನೆ ಅಂಗಳದವರೆಗೂ ಬರುತ್ತದೆ, ದೊಡ್ಡವರೆಲ್ಲ ತೋಟದಲ್ಲೇ ಇರುತ್ತಾರೆ, ಮಕ್ಕಳ ಮನೆಪಾಠ ಅಕ್ಕಪಕ್ಕದವರ ಪಾಲಿಗೆ ಬರುತ್ತದೆ. ಅವಳಿಗೆ ಬಿಟ್ಟ ಸ್ಥಳ ತುಂಬುವ ಕೆಲಸ ಕೊಟ್ಟಿದ್ದರು. ಪ್ರೆಸ್, ಸ್ಕ್ವೀಝ್, ಕ್ರಷ್ ಎಂಬ ಮೂರು ಕ್ರಿಯಾಪದಗಳು. ಯಾವುದನ್ನು ಎಲ್ಲಿ ಹಾಕಬೇಕು? ಅವಳ ಪುಟ್ಟ ನಿಘಂಟಿನಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಇತ್ತು. ‘ಮೂರೂ ಒಂದೇ ಅಲ್ವಾ ಮಾವ? ಒಂದು ಮೆಲ್ಲಗೆ, ಒಂದು ಸ್ವಲ್ಪ ಜೋರು, ಇನ್ನೊಂದು ಭಾರೀ ಜೋರು. ಅಷ್ಟೇ ತಾನೆ?’ ಎಂದಳು. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದವನು. ಉತ್ತರ ಹೇಳುವ ಬದಲು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಅವ್ವ ಒತ್ತು ಶಾವಿಗೆಗೆ ಕೂತಿದ್ದರು.

ಮಲೆನಾಡಿನ ಮನೆಯವರಿಗೆ ಈ ಕೆಲಸ ಹೊಸದಲ್ಲ. ಬೆಂದ ಅಕ್ಕಿಹಿಟ್ಟಿನ ಉಂಡೆ ಇನ್ನೂ ಹೊಗೆಯಾಡುತ್ತಿರುವಾಗಲೇ ಶಾವಿಗೆ ಒರಳಿಗೆ ಹಾಕಬೇಕು. ಆರಿದರೆ ಎಷ್ಟು ಬಲ ಬಿಟ್ಟರೂ ಶಾವಿಗೆ ಇಳಿಯುವುದಿಲ್ಲ. ಬಿಸಿಯಿದ್ದಾಗ ಒಂದೇ ಸಮನೆ ಒತ್ತಿದರೆ ಬಿಳಿ ಎಳೆಗಳು ಸುರುಳಿ ಸುರುಳಿಯಾಗಿ ತಟ್ಟೆಗೆ ಇಳಿಯುತ್ತವೆ. ಮಗ್ಗುಲಲ್ಲಿ ನನ್ನ ಹೆಂಡತಿ ರುಬ್ಬಿದ ಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಲು ಹಿಂಡುತ್ತಿದ್ದಳು. ಬೆಲ್ಲದ ಕಾಯಿಹಾಲಿಗೆ ಹಾಕಲು ನಾಲ್ಕು ಏಲಕ್ಕಿ ಕುಟ್ಟಾಣಿಯಲ್ಲಿದ್ದವು. ಅವನ್ನು ಜಜ್ಜುವ ಕೆಲಸ ಹುಡುಗಿಗೇ ಸಿಕ್ಕಿತು. ಎಲ್ಲ ಮುಗಿದು ಅವಳ ಮುಂದೆ ತಟ್ಟೆ ಬಂದಾಗ ಅವಳ ಮೂರು ಕ್ರಿಯಾಪದಗಳೂ ಅದರಲ್ಲೇ ಇದ್ದವು. ಒತ್ತಿದ ಹಿಟ್ಟು ಒಂದು ಆಕಾರ ಪಡೆದಿತ್ತು. ಹಿಂಡಿದ ಕಾಯಿ ತನ್ನಲ್ಲಿದ್ದುದನ್ನೆಲ್ಲ ಕೊಟ್ಟು ಚರಟವಾಗಿ ಬಟ್ಟೆಯಲ್ಲಿ ಉಳಿದಿತ್ತು. ಜಜ್ಜಿದ ಏಲಕ್ಕಿ ಮತ್ತೆ ಕೂಡದ ಹಾಗೆ ಒಡೆದುಹೋಗಿತ್ತು. ಅವ್ವ ಶಾವಿಗೆ ಒತ್ತಲು ಮೈಭಾರವನ್ನೇ ಬಿಟ್ಟಿದ್ದರು, ಏಲಕ್ಕಿಗೆ ಸಾಕಾದದ್ದು ಹುಡುಗಿಯ ಎರಡು ಪೆಟ್ಟು. ಹಾಗಾದರೆ ವ್ಯತ್ಯಾಸ ಇರುವುದು ಕೈಯ ಬಲದಲ್ಲಲ್ಲ, ಕೈ ತೆಗೆದ ಮೇಲೆ ಆ ವಸ್ತು ಏನಾಯಿತು ಎಂಬುದರಲ್ಲಿ. ಹುಡುಗಿ ತಿನ್ನುತ್ತಲೇ ಮೂರು ಸ್ಥಳವನ್ನೂ ತುಂಬಿದಳು.

ಅವಳು ಹೋದ ಮೇಲೂ ನನ್ನ ತಲೆಯಲ್ಲಿ ಈ ಮಾತುಗಳೇ ಓಡಾಡುತ್ತಿದ್ದವು. ‘ಇಗೋ ಕನ್ನಡ’ ಅಂಕಣದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಇಂಥ ಸಂದೇಹಗಳಿಗೆ ಎಷ್ಟು ವರ್ಷ ತಾಳ್ಮೆಯಿಂದ ಉತ್ತರ ಕೊಟ್ಟರು! ಶಬ್ದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಅಭ್ಯಾಸ ನನ್ನಂಥ ಅನೇಕರಿಗೆ ಹತ್ತಿದ್ದು ಅವರಿಂದಲೇ. ‘ಒತ್ತು’ ಎಂಬುದನ್ನೇ ತೆಗೆದುಕೊಳ್ಳಿ. ದಣಿದು ಬಂದ ಹಿರಿಯರ ಕಾಲು ಒತ್ತುತ್ತೇವೆ, ಅದು ಸೇವೆ. ಮದುವೆಯ ಓಲಗದಲ್ಲಿ ನಾಗಸ್ವರದವರ ಪಕ್ಕ ಕೂತು ಒಂದೇ ಶ್ರುತಿ ಹಿಡಿದು ಊದುವ ವಾದ್ಯಕ್ಕೂ ಒತ್ತು ಎಂದೇ ಹೆಸರು. ಬೀಳುವವನ ಮಗ್ಗುಲಿಗೆ ನಿಂತರೆ ಒತ್ತಾಸೆ. ಅದೇ ಸಾಲಿನಲ್ಲಿ ಒತ್ತಡವೂ ಇದೆ, ಒತ್ತುವರಿಯೂ ಇದೆ. ಈ ಕೊನೆಯದನ್ನು ನಮ್ಮ ಗುಡ್ಡಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಿಂಡುವುದೂ ಹೀಗೆಯೇ. ಕಿವಿ ಹಿಂಡಿದರೆ ಬುದ್ಧಿ ಹೇಳಿದಂತೆ, ಜೀವ ಹಿಂಡಿದರೆ ಕಾಟ ಕೊಟ್ಟಂತೆ. ಇಂಗ್ಲಿಷಿನವರು ಅಕ್ಕರೆಯಿಂದ ಕೈಯನ್ನು ‘ಸ್ಕ್ವೀಝ್’ ಮಾಡುತ್ತಾರೆ, ನಾವು ಕೈ ಹಿಂಡಿದರೆ ನೋವೇ. ಅಕ್ಕರೆಗೆ ನಮ್ಮಲ್ಲಿ ಕೈ ಅದುಮಬೇಕು.

ಇವುಗಳಲ್ಲೆಲ್ಲ ನಾವು ಸಂಸಾರಸ್ಥರು ದಿನವೂ ಬಳಸುವುದು ‘ಒತ್ತಾಯ’. ಪಂಕ್ತಿಯಲ್ಲಿ ಕೂತವರಿಗೆ ‘ಇನ್ನೊಂದೇ ಒಂದು ಕಡುಬು’ ಎನ್ನುವುದು ಒತ್ತಾಯ, ಒತ್ತಾಯ ಮಾಡದಿದ್ದರೆ ನೆಂಟರು ಮನಸ್ಸಿನಲ್ಲಿ ಬೇಸರ ಇಟ್ಟುಕೊಂಡು ಹೋಗುತ್ತಾರೆ. ಕಳಸದ ಕಡೆ ನನ್ನ ಸ್ನೇಹಿತರೊಬ್ಬರ ಮಗ ಘಟ್ಟದ ಕೆಳಗೆ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾನೆ. ಅಪ್ಪ ದಿನಾ ರಾತ್ರಿ ಫೋನು ಮಾಡಿ ಟೆಸ್ಟು, ಅಂಕ, ಎಷ್ಟು ಗಂಟೆಗೆ ಎದ್ದೆ ಎಂದೆಲ್ಲ ಕೇಳುತ್ತಾರೆ. ‘ಒಂಚೂರು ಒತ್ತಾಯ ಮಾಡ್ದೇ ಇದ್ರೆ ಹುಡುಗ್ರು ಓದ್ತಾರೇನ್ರೀ?’ ಎನ್ನುತ್ತಾರೆ. ರಜೆಗೆ ಬಂದಾಗ ಹುಡುಗನನ್ನು ಕೇಳಿದೆ. ಅವನು ತಲೆ ತಗ್ಗಿಸಿಕೊಂಡು, ‘ಅಪ್ಪ ಜೀವ ಹಿಂಡ್ತಾರೆ’ ಎಂದ. ಕೈ ಒಂದೇ, ಫೋನೂ ಒಂದೇ. ಅಪ್ಪನ ನಿಘಂಟಿನಲ್ಲಿ ಒಂದು ಪದ, ಮಗನದರಲ್ಲಿ ಇನ್ನೊಂದು. ಇಂಥ ಕಡೆ ಮಗನ ಪದವೇ ಸರಿ ಎಂದು ನನಗೆ ಅನ್ನಿಸುತ್ತದೆ. ತಾನು ಶಾವಿಗೆಯಾಗುತ್ತಿದ್ದೇನೆಯೋ ಚರಟವಾಗುತ್ತಿದ್ದೇನೆಯೋ ಎಂದು ಹಿಟ್ಟೂ ಹೇಳಲಾರದು, ತೆಂಗಿನಕಾಯಿಯೂ ಹೇಳಲಾರದು. ಮನುಷ್ಯ ಹೇಳಬಲ್ಲ, ಕೇಳುವವರಿದ್ದರೆ. ಕೇಳುವುದಕ್ಕೆ ಹೆಚ್ಚಿನದೇನೂ ಬೇಕಿಲ್ಲ, ದಿನದ ಫೋನಿನಲ್ಲಿ ಅಂಕದ ಬದಲು ಒಮ್ಮೆ ‘ನಾನು ಹೀಗೆ ಕೇಳೋದ್ರಿಂದ ನಿಂಗೆ ಹೆಂಗನ್ಸುತ್ತೆ ಮಗಾ?’ ಎಂದರೆ ಸಾಕು. ಸ್ನೇಹಿತರಿಗೆ ಇದನ್ನು ಹೇಳಿಯೇ ಬರೋಣವೆಂದು ಭಾನುವಾರ ಕಳಸಕ್ಕೆ ಹೋದೆ.

ಅವರು ಪಲ್ಪಿಂಗ್ ಮನೆಯಲ್ಲಿದ್ದರು. ಆ ದಿನದ ಹಣ್ಣಿನ ಗಾತ್ರ ನೋಡಿ ಪಲ್ಪರಿನ ಸಂದು ಸರಿಮಾಡುತ್ತಿದ್ದರು. ಸಂದು ಬಿಗಿಯಾದರೆ ಬೀಜ ಸೀಳುತ್ತದೆ, ಸಡಿಲವಾದರೆ ಹಣ್ಣು ಹಾಗೇ ಹಾದುಹೋಗುತ್ತದೆ. ಸಿಪ್ಪೆ ಬಿಟ್ಟ ಬೀಜಕ್ಕೆ ಸುತ್ತಲೂ ಲೋಳೆ ಅಂಟಿಕೊಂಡಿರುತ್ತದಲ್ಲ, ಅದನ್ನು ಮಾತ್ರ ಬೆರಳಿನಿಂದ ಎಷ್ಟು ಒತ್ತಿದರೂ ಬಿಡಿಸಲಾಗದು, ಬೀಜವೇ ಜಾರಿಕೊಳ್ಳುತ್ತದೆ. ತೊಟ್ಟಿಯಲ್ಲಿ ಸುಮ್ಮನೆ ಬಿಟ್ಟರೆ ಅರೇಬಿಕಾಗೆ 24 ಗಂಟೆ, ಚಳಿ ಜಾಸ್ತಿಯಾದರೆ 36 ಗಂಟೆ. ಲೋಳೆ ತಾನಾಗಿ ಸಡಿಲವಾಗಿ ನೀರಿನಲ್ಲಿ ಹೋಗುತ್ತದೆ. ನಾನು ಹುಡುಗನ ಮಾತು ಎತ್ತಿದೆ. ಅವರು ಏನೂ ಅನ್ನಲಿಲ್ಲ. ಹಿಂದಿನ ದಿನದ ತೊಟ್ಟಿಗೆ ಬಗ್ಗಿ ಒಂದು ಹಿಡಿ ಬೀಜ ತೆಗೆದು, ನೀರಿನಲ್ಲಿ ಅಲುಬಿ, ಮೆಲ್ಲಗೆ ಅದುಮಿ ನೋಡಿದರು. ಲೋಳೆ ಬಿಟ್ಟಿದ್ದರೆ ಅಂಗೈಗೆ ಸಣ್ಣ ಕಲ್ಲಿನ ಹಾಗೆ ಗರಗರ ಸಿಗಬೇಕು. ‘ಇನ್ನೂ ಜಾರ್ತಾ ಇದೆ. ಬೆಳಿಗ್ಗೆ ನೋಡಣ’ ಎಂದು ಹಿಡಿಯನ್ನು ವಾಪಸ್ ತೊಟ್ಟಿಗೆ ಬಿಟ್ಟರು.