ಅವರೆಯ ಗಡುವು

ಕೋಗಳಿಯ ಹೊಲದಲ್ಲಿ ಅಪ್ಪ ನಲವತ್ತು ವರ್ಷ ಜೋಳದ ಸಾಲಿನ ನಡುವೆ ನಾಟಿ ಅವರೆ ಹಾಕಿದವನು. ಹಗಲು ಗಿಡ್ಡಾಗೋವರೆಗೂ ಅದು ಹೂ ಬಿಡಲ್ಲ. ಜೂನಲ್ಲಿ ಬಿತ್ತಿದ್ರೂ ಆಗಸ್ಟಲ್ಲಿ ಬಿತ್ತಿದ್ರೂ ಕಾಯಿ ಚಳಿಗಾಲಕ್ಕೇ. ಈ ಸಲ ಮೊದಲ ಬಾರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಹಾಕಿದ. ಇದಕ್ಕೆ ಹಗಲಿನ ಹಂಗಿಲ್ಲ. ಮೊಳೆತ ದಿನದಿಂದ ತನ್ನದೇ ಲೆಕ್ಕ, ಸುಮಾರು ಒಂದೂವರೆ ತಿಂಗಳಿಗೆ ಹೂವು. (ಬೇಸಿಗೆಯಲ್ಲೂ ಅವರೆಕಾಯಿ ಉಪ್ಪಿಟ್ಟು ತಿನ್ನೋ ನಾವು ಇದನ್ನ ಬೈಯೋ ಹಾಗಿಲ್ಲ.)

ಕಳೆ ತೆಗೆಯೋದು ಎರಡು ವಾರ ತಡವಾಯ್ತು. ಅಪ್ಪ ತಲೆ ಕೆಡಿಸ್ಕೊಳ್ಳಲಿಲ್ಲ. ನಾಟಿಯಾದರೆ ಮುಂದಿನ ಮಳೆಗೆ ಚೇತರಿಸಿಕೊಳ್ಳುತ್ತಿತ್ತು. ಇದು ಗೇಣುದ್ದ ಇದ್ದಾಗಲೇ ಹೂ ಬಿಟ್ಟಿತು.

“ತಪ್ಪು ನಂದು, ಸಣ್ಣಗಾಗಿದ್ದು ಇದು,” ಅಂದ ಅಪ್ಪ. “ತಿದ್ಕಳ್ಳಾಕ ಟೈಮೇ ಕೊಡಲಿಲ್ಲ ನೋಡು.”

ನನಗೆ ಚುರುಕ್ ಅಂತು. ಹಿಂದಿನ ತಿಂಗಳು ಟೀಮಿನ ಹೊಸ ಹುಡುಗಿಯ ಪ್ರೊಬೇಷನ್ ಫಾರಂನಲ್ಲಿ ‘ನಿರೀಕ್ಷಿತ ಮಟ್ಟಕ್ಕಿಲ್ಲ’ ಅಂತ ಬರೆದಿದ್ದೆ. ಮೂರು ತಿಂಗಳ ಗಡುವು ಎಲ್ಲರಿಗೂ ಒಂದೇ, ಅದೇ ನ್ಯಾಯ ಅಂದ್ಕೊಂಡಿದ್ದೆ. ಮೊದಲ ಐದು ವಾರ ಅವಳಿಗೆ ಕೆಲಸ ಹೇಳಿಕೊಡೋಕೆ ನನಗೇ ಪುರುಸೊತ್ತಿರಲಿಲ್ಲ. ಆರೈಕೆ ಒಂದೇ ಇಲ್ಲದಾಗ ಗಡುವು ಮಾತ್ರ ಒಂದೇ ಇದ್ದರೆ ಅದು ಯಾವ ಸೀಮೆ ನ್ಯಾಯ?

ಅಪ್ಪ ಅದೇ ಬೀಜ ಮತ್ತೆ ಬಿತ್ತುತ್ತಾನಂತೆ. ಮೊದಲ ತಿಂಗಳು ಹೊಲ ಬಿಟ್ಟು ಕದಲಲ್ಲವಂತೆ. ನಾನು ಎಚ್‌ಆರ್‌ಗೆ ಮೇಲ್ ಬರೆದೆ, ಆ ಐದು ವಾರ ನನ್ನ ಲೆಕ್ಕಕ್ಕೆ ಹಾಕಿ ಅಂತ. ಇನ್ನೂ ಉತ್ತರ ಬಂದಿಲ್ಲ.